ಹಸಿರು ಕೋಣೆಯ ಬೀಗ



ಹಳೆಯ ಬಂಗಲೆ, ಗಾಳಿಗೆ ನಡುಗುವ ಮೇಣದ ಬತ್ತಿ, ಯಾರೂ ಹೋಗಲಂಜುವ ಒಂದು ಕೋಣೆ. ಇಷ್ಟು ಹೇಳಿದರೆ ಸಾಕು, ನಿಮ್ಮ ಮನೆಯ ಹಿರಿಯರು 1949ರ 'ಮಹಲ್' ಚಿತ್ರವನ್ನು ನೆನಪಿಸಿಕೊಂಡಾರು. ಬಿ.ಎ. ತರಗತಿಯಲ್ಲಿ 'ಜೇನ್ ಏರ್' ಓದಿದಂದಿನಿಂದ ನನಗೂ ಇಂಥ ಕಥೆಗಳೆಂದರೆ ಪ್ರಾಣ. ಇವಕ್ಕೆ 'ಗಾಥಿಕ್' ಕಥೆಗಳೆಂದು ಹೆಸರು. ಇಂದು ನಾನು ಹೇಳಹೊರಟಿರುವುದು ದೂರದ ಫಿನ್ಲೆಂಡಿನ ಅಂಥದೊಂದು ಚಿತ್ರದ ವಿಚಾರ.

ಚಿತ್ರದ ಹೆಸರು 'ಲಿನ್ನೈಸ್ತೆನ್ ವಿಹ್ರೆಯಾ ಕಮರಿ', ಅಂದರೆ ಲಿನ್ನೈಸ್ ಮನೆಯ ಹಸಿರು ಕೋಣೆ. 'ಕಮರಿ' ಎಂದರೆ ಹಿಂದಿಯ 'ಕಮ್ರಾ' ನೆನಪಾಯಿತೇ? ತಪ್ಪಲ್ಲ, ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಹೊರಟ ಪದಗಳು! 1945ರಲ್ಲಿ ಇದನ್ನು ನಿರ್ದೇಶಿಸಿದವರು ವಾಲೆಂಟಿನ್ ವಾಲಾ. ಆಧಾರ, ಝಕಾರಿಯಾಸ್ ಟೊಪೇಲಿಯಸ್ 1859ರಲ್ಲಿ ಬರೆದ ಕಾದಂಬರಿ.

ಹಳೆಯ ಜಮೀನ್ದಾರಿ ಮನೆಯೊಂದರ ದುರಸ್ತಿಗೆಂದು ತರುಣ ವಾಸ್ತುಶಿಲ್ಪಿಯೊಬ್ಬ ಬರುತ್ತಾನೆ. ಅಲ್ಲಿನ ಹಸಿರು ಕೋಣೆಯಲ್ಲಿ ದೆವ್ವವಿದೆ ಎಂಬ ಪ್ರತೀತಿ. ಮನೆಯೊಡೆಯನ ಮಗಳೊಂದಿಗೆ ಪ್ರೇಮ ಚಿಗುರುತ್ತದೆ. ಜೊತೆಗೇ, ಈ ಆಸ್ತಿ ನಿಜಕ್ಕೂ ಯಾರದು ಎಂಬ ಹಳೆಯ ಗುಟ್ಟೊಂದು ಮೇಲೇಳುತ್ತದೆ. ಹೊರಗಿನವನೆಂದು ಬಂದವನಿಗೂ ಈ ಮನೆಗೂ ಏನು ನಂಟು? ಅದನ್ನು ಹೇಳಿಬಿಟ್ಟರೆ ಸ್ವಾರಸ್ಯ ಕೆಡುತ್ತದೆ.

1945ರ ಪ್ರೇಕ್ಷಕರನ್ನು ಒಮ್ಮೆ ನೆನೆಯಿರಿ. ಸೋವಿಯತ್ ಒಕ್ಕೂಟದೊಂದಿಗಿನ ಯುದ್ಧ ಹಿಂದಿನ ವರ್ಷವಷ್ಟೇ ನಿಂತಿತ್ತು. ನಾಡಿನ ಪೂರ್ವದ ಕರೇಲಿಯಾ ಪ್ರದೇಶ ಕೈತಪ್ಪಿ, 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದಿದ್ದರು. 'ಮನೆ ಯಾರದು' ಎಂಬ ಮಾತು ಅವರಿಗೆ ಬರಿಯ ಕಥೆಯಾಗಿ ಕೇಳಿಸಿತೇ? ನನಗಂತೂ ಅನುಮಾನ.

ಈಗ ನಿಮಗಾಗಿ ಇನ್ನೊಂದು ಮಾತು. ಟೊಪೇಲಿಯಸ್ ಬರೆದದ್ದು ಫಿನ್ನಿಷ್ ಭಾಷೆಯಲ್ಲಲ್ಲ, ಸ್ವೀಡಿಷಿನಲ್ಲಿ. ಆಗ ಫಿನ್ಲೆಂಡ್ ರಷ್ಯಾದ ಆಳ್ವಿಕೆಯಲ್ಲಿದ್ದರೂ ಕಚೇರಿಯ ಭಾಷೆ ಸ್ವೀಡಿಷ್. ಆದರೂ 1875ರಲ್ಲಿ ಅವರು ಮಕ್ಕಳಿಗಾಗಿ ಬರೆದ ನಾಡಿನ ಪುಸ್ತಕ ಫಿನ್ನಿಷಿಗೆ ಅನುವಾದಗೊಂಡು ತಲೆತಲಾಂತರ ಶಾಲೆಗಳಲ್ಲಿ ಓದಲ್ಪಟ್ಟಿತು. ಇನ್ನು ನಿರ್ದೇಶಕ ವಾಲಾ? ಹೆಲ್ಸಿಂಕಿಯಲ್ಲಿ 1909ರಲ್ಲಿ ಹುಟ್ಟಿದ ಅವರದು ರಷ್ಯನ್ ಮೂಲದ ಕುಟುಂಬ, ಹುಟ್ಟುಹೆಸರು ಇವಾನೊಫ್. ಸ್ವೀಡಿಷ್ ಲೇಖನಿ, ರಷ್ಯನ್ ಮನೆತನ, ಫಿನ್ನಿಷ್ ಚಿತ್ರ! ಇಂದು ಫಿನ್ಲೆಂಡಿನವರು ಇಬ್ಬರನ್ನೂ ನಮ್ಮವರೇ ಎನ್ನುತ್ತಾರೆ.

ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಕೇಳಿದ್ದಳು: "ಅಮ್ಮಾ, ಊರಿಗೆ ಹೋದರೆ ನಾನು ಬೊಂಬಾಯಿಯವಳು, ಇಲ್ಲಿ ಮದ್ರಾಸಿ. ನಾನು ಎಲ್ಲಿಯವಳು?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. "ಓದಿಕೋ ಹೋಗು" ಎಂದು ಗದರಿ ಒಗ್ಗರಣೆಗೆ ತಿರುಗಿದೆ. ಆ ಗದರಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಇಂದು ಕೇಳಿದ್ದರೆ, "ಎರಡೂ ಕಡೆಯವಳು ಮಗಳೇ, ಒಂದನ್ನು ಬಿಡಬೇಕಾಗಿಲ್ಲ" ಎನ್ನುತ್ತಿದ್ದೆ.

ನಿಮ್ಮಲ್ಲಿ ಹಲವರಿಗೆ ಕನ್ನಡವೂ ಒಂದು ಹಸಿರು ಕೋಣೆ. ತಪ್ಪಾದರೆ ನಕ್ಕಾರು ಎಂಬ ದೆವ್ವವೊಂದು ಅಲ್ಲಿದೆ. ಆ ದೆವ್ವವನ್ನು ಸಾಕಿದವರು ಹಿರಿಯರಾದ ನಾವೇ, ಒಪ್ಪಿದೆ. ಆದರೂ ಒಮ್ಮೆ ಬಾಗಿಲು ತಳ್ಳಿ ನೋಡಿ. ದುರಸ್ತಿಗೆಂದು ಒಳಗೆ ಬಂದವರಿಗೂ ಮನೆಯಲ್ಲಿ ಪಾಲುಂಟು.