ನಾಕೌಟ್ ಫುಟ್‌ಬಾಲ್: ಬಾಜಿ ದರಗಳ ಹಿಂದಿನ ಲೆಕ್ಕಾಚಾರ

2004ರ ಯೂರೋ ಕಪ್ ಆರಂಭವಾಗುವ ಮುನ್ನ ಗ್ರೀಸ್ ತಂಡ ಚಾಂಪಿಯನ್ ಆಗುತ್ತದೆಂದು ಒಂದು ಪೌಂಡ್ ಕಟ್ಟಿದವನಿಗೆ 150 ಪೌಂಡ್ ಕೊಡಲು ಬ್ರಿಟನ್ನಿನ ಕೆಲವು ಬುಕ್ಕಿಗಳು ಸಿದ್ಧರಿದ್ದರು. ಅದೇ ಗ್ರೀಸ್, ನಾಕೌಟ್ ಹಂತದಲ್ಲಿ ಫ್ರಾನ್ಸ್, ಜೆಕ್ ಗಣರಾಜ್ಯ ಹಾಗೂ ಆತಿಥೇಯ ಪೋರ್ಚುಗಲ್ ತಂಡಗಳನ್ನು ತಲಾ 1-0 ಗೋಲಿನಿಂದ ಮಣಿಸಿ ಜುಲೈ 4ರಂದು ಲಿಸ್ಬನ್‌ನಲ್ಲಿ ಕಪ್ ಎತ್ತಿತು.

ಹಾಗಾದರೆ ಬುಕ್ಕಿಗಳ ಲೆಕ್ಕ ತಪ್ಪಿತೆ? ಹಾಗೆ ಹೇಳಲಾಗದು. 150ಕ್ಕೆ 1 ಎಂಬ ದರವು ಗ್ರೀಸ್ ಗೆಲ್ಲುವುದಿಲ್ಲ ಎಂಬ ಭವಿಷ್ಯವಾಣಿಯಲ್ಲ. ಅದು ಮಾರಾಟಕ್ಕಿಟ್ಟ ಸರಕಿನ ಬೆಲೆ. ಬೆಲೆಯೆಂದ ಮೇಲೆ ಅದರಲ್ಲಿ ಮಾರುವವನ ಲಾಭವೂ ಸೇರಿರುತ್ತದೆ. ವಿಶ್ವಕಪ್ ಅಥವಾ ಯೂರೋ ಕಪ್ ಬಂದಾಗಲೆಲ್ಲ ಪತ್ರಿಕೆ, ಟಿವಿಗಳಲ್ಲಿ ಈ ದರಗಳನ್ನು ತಂಡಗಳ ಬಲಾಬಲದ ಅಳತೆಗೋಲಿನಂತೆ ಉಲ್ಲೇಖಿಸುವುದು ವಾಡಿಕೆ. ಅವುಗಳನ್ನು ಓದುವ ಬಗೆ ತಿಳಿಯದಿದ್ದರೆ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಹಣ ಕಟ್ಟುವವನಿಗಂತೂ ಆ ತಪ್ಪು ದುಬಾರಿ.

ಮೂರು ಬರಹ, ಒಂದೇ ಅರ್ಥ

ಆಡ್ಸ್ ಎಂದು ಕರೆಯಲಾಗುವ ಬಾಜಿ ದರವನ್ನು ಬರೆಯುವ ಪದ್ಧತಿಗಳು ಮುಖ್ಯವಾಗಿ ಮೂರು. ಬ್ರಿಟನ್ನಿನ ಹಳೆಯ ಪದ್ಧತಿ ಭಿನ್ನರಾಶಿಯದು. 5/1 ಎಂದರೆ ಒಂದು ರೂಪಾಯಿಗೆ ಐದು ರೂಪಾಯಿ ಲಾಭ, ಜೊತೆಗೆ ಕಟ್ಟಿದ ಒಂದು ರೂಪಾಯಿ ವಾಪಸು. ಯೂರೋಪಿನ ಉಳಿದೆಡೆ ಇದನ್ನೇ ದಶಮಾಂಶದಲ್ಲಿ 6.00 ಎಂದು ಬರೆಯುತ್ತಾರೆ. ಇಲ್ಲಿ ಕಟ್ಟಿದ ಹಣವೂ ಸೇರಿರುತ್ತದೆ. ಅಮೆರಿಕದಲ್ಲಿ ಇದು +500, ಅಂದರೆ ನೂರು ಡಾಲರಿಗೆ ಐನೂರು ಡಾಲರ್ ಲಾಭ. ಬಲಿಷ್ಠ ತಂಡವಾದರೆ -150 ಎಂಬಂಥ ಋಣ ಚಿಹ್ನೆ ಕಾಣಿಸುತ್ತದೆ. ನೂರು ಡಾಲರ್ ಲಾಭ ಪಡೆಯಲು 150 ಡಾಲರ್ ಕಟ್ಟಬೇಕೆಂದು ಅದರ ಅರ್ಥ.

ಹೋಲಿಕೆಗೆ ದಶಮಾಂಶವೇ ಅನುಕೂಲ. ನೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ದರದಲ್ಲಿ ಅಡಗಿರುವ ಶೇಕಡಾವಾರು ಸಾಧ್ಯತೆ ದೊರೆಯುತ್ತದೆ. 6.00 ಎಂದರೆ ಸುಮಾರು ಶೇ 16.7. ಗ್ರೀಸ್ ತಂಡದ 150/1 ದಶಮಾಂಶದಲ್ಲಿ 151. ಅಂದರೆ ಶೇ 0.66.

ನೂರನ್ನು ಮೀರುವ ಮೊತ್ತ

ಒಂದು ಪಂದ್ಯದ 90 ನಿಮಿಷಗಳ ಆಟಕ್ಕೆ ಮೂರೇ ಫಲಿತಾಂಶ: ಮೊದಲ ತಂಡದ ಗೆಲುವು, ಡ್ರಾ ಅಥವಾ ಎರಡನೆಯ ತಂಡದ ಗೆಲುವು. ಈ ಮೂರರ ಸಾಧ್ಯತೆಗಳ ಮೊತ್ತ ನೂರಾಗಬೇಕು. ಬುಕ್ಕಿಯ ಪಟ್ಟಿಯಲ್ಲಿ ಅದು ಹಾಗಿರುವುದಿಲ್ಲ.

ಉದಾಹರಣೆಗೆ, ಒಬ್ಬ ಬುಕ್ಕಿಯ ದರಗಳು ಕ್ರಮವಾಗಿ 2.10, 3.20, 3.60 ಇವೆ ಎಂದುಕೊಳ್ಳೋಣ. ಇವುಗಳ ಸಾಧ್ಯತೆ ಶೇ 47.6, 31.3 ಹಾಗೂ 27.8, ಒಟ್ಟು 106.7. ನೂರನ್ನು ಮೀರಿದ ಆ ಭಾಗವೇ ಅಂಗಡಿಯ ಲಾಭಾಂಶ. ಎರಡನೆಯ ಬುಕ್ಕಿಯ ದರಗಳು 2.00, 3.30, 3.90 ಇದ್ದರೆ ಒಟ್ಟು 105.9. ಎರಡೂ ಕಡೆಯ ಅತ್ಯುತ್ತಮ ದರಗಳನ್ನಷ್ಟೇ ಆರಿಸಿಕೊಂಡರೆ (2.10, 3.30, 3.90) ಒಟ್ಟು ಸುಮಾರು 103.6ಕ್ಕೆ ಇಳಿಯುತ್ತದೆ.

ದರ ಹೋಲಿಕೆಯಿಂದ ಆಗುವ ಪ್ರಯೋಜನ ಸಾಮಾನ್ಯವಾಗಿ ಇಷ್ಟೇ. ನಷ್ಟದ ಪ್ರಮಾಣ ಕಡಿಮೆಯಾಗುತ್ತದೆ, ಆದರೆ ತಕ್ಕಡಿ ಅಂಗಡಿಯ ಕಡೆಗೇ ವಾಲಿರುತ್ತದೆ. ‘ಚಾಂಪಿಯನ್ ಯಾರು’ ಎಂಬ ಬಾಜಿಯಲ್ಲಿ ಹತ್ತಾರು ತಂಡಗಳಿದ್ದು, ಪ್ರತಿಯೊಂದರ ದರದಲ್ಲೂ ಸ್ವಲ್ಪ ಸ್ವಲ್ಪ ಕಡಿತವಾಗುವುದರಿಂದ ಈ ಹೆಚ್ಚುವರಿ ಮೊತ್ತ ಒಂದು ಪಂದ್ಯದ ಬಾಜಿಗಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಒಂದೇ ಪಂದ್ಯ, ಎರಡು ಪ್ರಶ್ನೆ

ನಾಕೌಟ್ ಪಂದ್ಯಗಳ ನಿಜವಾದ ತೊಡಕು ಇಲ್ಲಿದೆ. ಲೀಗ್ ಪಂದ್ಯದಲ್ಲಿ ಡ್ರಾ ಎಂದರೆ ಡ್ರಾ. ನಾಕೌಟ್‌ನಲ್ಲಿ ಹೆಚ್ಚುವರಿ ಅವಧಿ, ಅನಂತರ ಪೆನಾಲ್ಟಿ ಶೂಟೌಟ್ ಉಂಟು. ಆದರೂ ‘ಪಂದ್ಯದ ಫಲಿತಾಂಶ’ ಎಂಬ ಬಾಜಿ ಸಾಮಾನ್ಯವಾಗಿ 90 ನಿಮಿಷ ಹಾಗೂ ಅದಕ್ಕೆ ರೆಫರಿ ಸೇರಿಸಿದ ನಿಮಿಷಗಳಿಗೆ ಮುಗಿಯುತ್ತದೆ. ‘ಮುಂದಿನ ಸುತ್ತಿಗೆ ಯಾರು’ ಅಥವಾ ‘ಕಪ್ ಯಾರಿಗೆ’ ಎಂಬುದು ಬೇರೆಯೇ ಬಾಜಿ.

2022ರ ವಿಶ್ವಕಪ್ ಫೈನಲ್ ಇದಕ್ಕೆ ಉತ್ತಮ ನಿದರ್ಶನ. ಅರ್ಜೆಂಟೀನಾ-ಫ್ರಾನ್ಸ್ ಪಂದ್ಯ 90 ನಿಮಿಷಗಳಿಗೆ 2-2, ಹೆಚ್ಚುವರಿ ಅವಧಿಯ ಕೊನೆಗೆ 3-3 ಸಮಬಲವಾಗಿತ್ತು. ಶೂಟೌಟ್‌ನಲ್ಲಿ ಅರ್ಜೆಂಟೀನಾ 4-2ರಿಂದ ಗೆದ್ದಿತು. ಅರ್ಜೆಂಟೀನಾ ಕಪ್ ಎತ್ತುತ್ತದೆ ಎಂದವರು ಗೆದ್ದರು. 90 ನಿಮಿಷದ ಆಟದಲ್ಲಿ ಅರ್ಜೆಂಟೀನಾ ಗೆಲ್ಲುತ್ತದೆ ಎಂದವರು ಸೋತರು. ಆ ವಿಶ್ವಕಪ್‌ನ 16 ನಾಕೌಟ್ ಪಂದ್ಯಗಳ ಪೈಕಿ ಐದು ಶೂಟೌಟ್‌ವರೆಗೆ ಸಾಗಿದ್ದವು. 2018ರಲ್ಲಂತೂ ಕ್ರೊಯೇಷ್ಯಾ ಒಂದೂ ನಾಕೌಟ್ ಪಂದ್ಯವನ್ನು 90 ನಿಮಿಷಗಳಲ್ಲಿ ಗೆಲ್ಲದೆಯೇ ಫೈನಲ್ ತಲುಪಿತು: ಡೆನ್ಮಾರ್ಕ್ ಹಾಗೂ ರಷ್ಯಾ ವಿರುದ್ಧ ಶೂಟೌಟ್, ಇಂಗ್ಲೆಂಡ್ ವಿರುದ್ಧ ಹೆಚ್ಚುವರಿ ಅವಧಿ. ಮೇಲೆ ಹೇಳಿದ ಗ್ರೀಸ್ ತಂಡದ ಸೆಮಿಫೈನಲ್ ಗೆಲುವು ಕೂಡ ಹೆಚ್ಚುವರಿ ಅವಧಿಯಲ್ಲೇ ಬಂದದ್ದು.

ಹೀಗಾಗಿ ಒಂದು ಕಡೆ 2.10, ಇನ್ನೊಂದು ಕಡೆ 1.60 ಎಂದು ಕಂಡಾಗ ಮೊದಲನೆಯವನು ಉದಾರಿ ಎಂದು ಭಾವಿಸುವಂತಿಲ್ಲ. ಮೊದಲನೆಯದು 90 ನಿಮಿಷದ ದರ, ಎರಡನೆಯದು ಮುಂದಿನ ಸುತ್ತಿನ ದರ ಆಗಿರಬಹುದು. ಡ್ರಾ ಆದರೆ ಹಣ ಹೋಗುವ ಬಾಜಿಗೆ ದರ ಹೆಚ್ಚಿರಲೇಬೇಕು. ದರ ಹೋಲಿಸುವ ಮುನ್ನ ಪ್ರಶ್ನೆ ಒಂದೇ ಇದೆಯೇ ಎಂದು ನೋಡುವುದು ಮೊದಲ ನಿಯಮ.

ಹಾದಿಗೂ ಇದೆ ಬೆಲೆ

ಪ್ರಬಲ ತಂಡದ ದರವೂ 5/1ರ ಆಸುಪಾಸಿನಲ್ಲಿರುವುದೇಕೆ ಎಂದು ಹಲವರು ಅಚ್ಚರಿಪಡುತ್ತಾರೆ. ಲೆಕ್ಕ ಸರಳ. ಪ್ರತಿ ಸುತ್ತನ್ನು ದಾಟುವ ಸಾಧ್ಯತೆ ಶೇ 70ರಷ್ಟಿರುವ ತಂಡವೊಂದು ಸತತ ನಾಲ್ಕು ಸುತ್ತು ಗೆಲ್ಲುವ ಸಾಧ್ಯತೆ ಕೇವಲ ಶೇ 24. ಐದು ಸುತ್ತಾದರೆ ಅದು ಶೇ 17ಕ್ಕೆ ಇಳಿಯುತ್ತದೆ. 2026ರಿಂದ ವಿಶ್ವಕಪ್ ತಂಡಗಳ ಸಂಖ್ಯೆ 48ಕ್ಕೆ ಏರಿದ್ದು, 32 ತಂಡಗಳ ನಾಕೌಟ್ ಸುತ್ತು ಸೇರ್ಪಡೆಯಾಗಿರುವುದರಿಂದ ಚಾಂಪಿಯನ್ ಆಗಲು ಐದು ನಾಕೌಟ್ ಪಂದ್ಯ ಗೆಲ್ಲಬೇಕು.

ಎದುರಾಳಿಗಳು ಯಾರು ಎಂಬುದೂ ಅಷ್ಟೇ ಮುಖ್ಯ. 2018ರಲ್ಲಿ ಫ್ರಾನ್ಸ್, ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ, ಬೆಲ್ಜಿಯಂ, ಪೋರ್ಚುಗಲ್ ಎಲ್ಲವೂ ನಾಕೌಟ್ ಪಟ್ಟಿಯ ಒಂದೇ ಭಾಗದಲ್ಲಿದ್ದವು. ಇನ್ನೊಂದು ಭಾಗದಲ್ಲಿ ಹಿಂದೆ ವಿಶ್ವಕಪ್ ಗೆದ್ದಿದ್ದ ತಂಡಗಳೆಂದರೆ ಸ್ಪೇನ್ ಮತ್ತು ಇಂಗ್ಲೆಂಡ್ ಮಾತ್ರ. ಕೊನೆಯ ಗುಂಪು ಪಂದ್ಯದಲ್ಲಿ ಬೆಲ್ಜಿಯಂಗೆ 0-1ರಿಂದ ಸೋತ ಇಂಗ್ಲೆಂಡ್, ಸೋತಿದ್ದರಿಂದಲೇ ಈ ಸುಲಭದ ಹಾದಿಗೆ ಬಂದು ಸೆಮಿಫೈನಲ್‌ವರೆಗೆ ಸಾಗಿತು. ಆದಕಾರಣ ಡ್ರಾ ಪಟ್ಟಿ ಸಿದ್ಧವಾಗುವ ಮೊದಲಿನ ದರವನ್ನು ಅನಂತರದ ದರದೊಡನೆ ಹೋಲಿಸುವುದರಲ್ಲಿ ಹುರುಳಿಲ್ಲ.

ದುರ್ಬಲ ತಂಡದ ಆಕರ್ಷಣೆ

ದೊಡ್ಡ ದರ ಮನಸ್ಸನ್ನು ಸೆಳೆಯುತ್ತದೆ. ಗ್ರೀಸ್ ಗೆದ್ದದ್ದು ಎಲ್ಲರಿಗೂ ನೆನಪಿದೆ. ಅಂಥದೇ ದರವಿದ್ದು ಮೊದಲ ಸುತ್ತಿನಲ್ಲೇ ಮನೆಗೆ ಮರಳಿದ ತಂಡಗಳು ಯಾರಿಗೂ ನೆನಪಿಲ್ಲ. ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯಿರುವ ಕುದುರೆಗಳ ಮೇಲೆ ಜನರು ಅರ್ಹತೆಗಿಂತ ಹೆಚ್ಚು ಹಣ ಸುರಿಯುತ್ತಾರೆಂದು ಅಮೆರಿಕದ ರೇಸುಗಳ ಅಂಕಿಅಂಶಗಳಿಂದ ಆರ್.ಎಂ. ಗ್ರಿಫಿತ್ 1949ರಲ್ಲೇ ತೋರಿಸಿದ್ದರು. ಫುಟ್‌ಬಾಲ್ ಬಾಜಿಯಲ್ಲೂ ಈ ಒಲವು ಕಂಡುಬಂದಿದೆ. ಇದನ್ನು ಬಲ್ಲ ಬುಕ್ಕಿ ದುರ್ಬಲ ತಂಡಗಳ ದರದಲ್ಲಿ ಹೆಚ್ಚು ಕಡಿತ ಮಾಡಿದರೂ ಗಿರಾಕಿಗಳು ಕಡಿಮೆಯಾಗುವುದಿಲ್ಲ. ಕೈಗೆ ನೂರೈವತ್ತು ಪಟ್ಟು ಬರುವಂತೆ ಕಾಣುವ ಬಾಜಿಯೇ ಬಹುತೇಕ ಸಲ ಅತ್ಯಂತ ದುಬಾರಿ ಬಾಜಿ.

ಕಾನೂನು ಏನು ಹೇಳುತ್ತದೆ?

ಬ್ರಿಟನ್‌ನಲ್ಲಿ ಪರವಾನಗಿ ಪಡೆದ ಬುಕ್ಕಿಗಳ ವಹಿವಾಟು ಕಾನೂನುಬದ್ಧ. ನಮ್ಮಲ್ಲಿ ಪರಿಸ್ಥಿತಿ ಬೇರೆ. ಜೂಜು, ಬಾಜಿಗಳು ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ್ದು, ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯಿದೆ ಇವುಗಳಿಗೆ ಅನ್ವಯಿಸುತ್ತದೆ. ಆನ್‌ಲೈನ್ ಆಟಗಳನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಆ ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಇಂಥ ಸೇವೆ ಒದಗಿಸುವುದು, ಜಾಹೀರಾತು ನೀಡುವುದು, ಹಣ ವರ್ಗಾವಣೆಗೆ ನೆರವಾಗುವುದು ಎಲ್ಲವನ್ನೂ ಅದು ಅಪರಾಧವೆಂದು ಪರಿಗಣಿಸುತ್ತದೆ. ಅನಧಿಕೃತ ತಾಣಗಳಲ್ಲಿ ಹಣ ಕಟ್ಟಿ ಗೆದ್ದರೂ ಆ ಹಣ ಕೈಸೇರುವ ಖಾತರಿಯಿಲ್ಲ. ಮೋಸ ಹೋದರೆ ದೂರು ಕೊಡುವುದೂ ಸುಲಭವಲ್ಲ.

ಹಣ ಕಟ್ಟದವರಿಗೂ ಈ ಅಂಕಿಗಳು ಉಪಯುಕ್ತವೇ. ಮುಂದಿನ ಬಾರಿ ಸುದ್ದಿಯಲ್ಲಿ ‘ಬುಕ್ಕಿಗಳ ನೆಚ್ಚಿನ ತಂಡ’ ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಈ ದರ 90 ನಿಮಿಷಕ್ಕೋ, ಕಪ್‌ಗೋ? ಎಲ್ಲ ದರಗಳ ಮೊತ್ತ ನೂರನ್ನು ಎಷ್ಟು ಮೀರಿದೆ? ತಂಡದ ಹಾದಿಯಲ್ಲಿ ಯಾರಿದ್ದಾರೆ? 6.00 ದರದ ನೆಚ್ಚಿನ ತಂಡವೂ ಕಪ್ ಗೆಲ್ಲದಿರುವ ಸಾಧ್ಯತೆ ಶೇ 83ಕ್ಕಿಂತ ಹೆಚ್ಚು ಎಂಬುದನ್ನು ನೆನಪಿಟ್ಟರೆ, ಅದು ಸೋತಾಗ ಯಾರೂ ಅಚ್ಚರಿಪಡಬೇಕಿಲ್ಲ.