ಬಿಸಿಲಿನ ವಿದ್ಯುತ್ತು, ಪೆಟ್ರೋಲಿನ ಆವಿ

ಎಣ್ಣೆಗಾಗಿ ಪರರ ಮುಖವನ್ನು ನೋಡಬೇಕಾಗಿರುವ ದೇಶಕ್ಕೆ ಸೂರ್ಯನು ಕಂದಾಯ ಕೇಳದ ಧಣಿಯಾಗಿರುವನು. ಆದಕಾರಣ ಕೈಲಾಂಚ ಹೋಬಳಿಯ ಹಳ್ಳಿಗಳಲ್ಲಾಗಲಿ, ಬಿಡದಿಯ ಕಾರ್ಖಾನೆಗಳಲ್ಲಾಗಲಿ, ಮೈಸೂರು ರಸ್ತೆಯ ಪೆಟ್ರೋಲ್ ಬಂಕುಗಳಲ್ಲಾಗಲಿ ಸೌರಫಲಕಗಳು ಏರುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಹೊಲದ ಪಂಪಿಗೆ ಸಲ್ಲುವ ಸಲಕರಣೆಯು ಪೆಟ್ರೋಲಿನ ಟ್ಯಾಂಕಿನ ಬಳಿಗೂ, ಬಣ್ಣ ಎರಚುವ ಕೋಣೆಗೂ ಸಲ್ಲುವುದೆಂಬ ಭಾವನೆಯನ್ನು ಮಾತ್ರ ನಾವು ಒಪ್ಪೆವು.

ಈ ಭಯವು ಹೊಸದಲ್ಲ. 1913ರಲ್ಲಿ ವೇಲ್ಸ್ ಸೀಮೆಯ ಸೆಂಘೆನಿಡ್ ಕಲ್ಲಿದ್ದಲ ಗಣಿಯಲ್ಲಿ 439 ಮಂದಿ ಕೂಲಿಗಳು ಮಡಿದರು. ಸಂಜ್ಞೆಯ ವಿದ್ಯುತ್ ಗಂಟೆಯ ಅಲ್ಪ ಕಿಡಿಯೇ ಕಾರಣವಾಗಿರಬಹುದೆಂದು ಅಂದು ಸಂಶಯಪಟ್ಟರು. ನಮ್ಮಲ್ಲಿಯೇ 2009ರ ಅಕ್ಟೋಬರ್ 29ರಂದು ಜಯಪುರದ ತೈಲಾಗಾರದಲ್ಲಿ ಪೆಟ್ರೋಲು ಸೋರಿ, ಆವಿಯು ಮೋಡದಂತೆ ಹರಡಿ ಸಿಡಿಯಿತು. ಹನ್ನೊಂದು ಜನರು ಸತ್ತರು. ಜ್ವಾಲಾರಕ್ಷಣೆಯಿಲ್ಲದ ಯಾವುದೋ ವಿದ್ಯುತ್ ಸಲಕರಣೆಯಿಂದಲೋ, ಚಾಲೂ ಮಾಡಿದ ವಾಹನದಿಂದಲೋ ಕಿಡಿ ಹತ್ತಿರಬಹುದೆಂದು ವಿಚಾರಣಾ ಸಮಿತಿಯು ಹೇಳಿತು.

ಇದಕ್ಕಾಗಿಯೇ ಅಪಾಯಸ್ಥಳಗಳ ವಿಭಾಗವು ಏರ್ಪಟ್ಟಿರುವುದು. 2002ರ ಪೆಟ್ರೋಲಿಯಂ ನಿಯಮಗಳು ಸ್ಥಳವನ್ನು ಮೂರಾಗಿ ವಿಂಗಡಿಸುತ್ತವೆ. ಆವಿಯು ಸದಾ ತುಂಬಿರುವುದು ಸೊನ್ನೆಯ ವಿಭಾಗ. ವಾಡಿಕೆಯ ಕೆಲಸದಲ್ಲಿಯೇ ಆಗಾಗ ಏಳಬಹುದಾದುದು ಒಂದನೆಯದು. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಕಾಲ, ಕಾಣಿಸಿಕೊಳ್ಳುವುದು ಎರಡನೆಯದು. ಒಳಗೆ ಸ್ಫೋಟವಾದರೂ ಜ್ವಾಲೆಯನ್ನು ಹೊರಬಿಡದ ಪೆಟ್ಟಿಗೆ, ಹೊತ್ತಿಸುವಷ್ಟು ಶಕ್ತಿಯೇ ಇಲ್ಲದ ಮಂಡಲ, ಹೀಗೆ ವಿಭಾಗಕ್ಕೆ ತಕ್ಕ ಸಲಕರಣೆಯೇ ಬೇಕು. ಅದಕ್ಕೆ ಒಪ್ಪಿಗೆ ಕೊಡತಕ್ಕ ಸ್ಫೋಟಕ ಇಲಾಖೆಯು 1898ರಷ್ಟು ಹಿಂದಿನದು. ಅದರ ಮುಖ್ಯ ಕಚೇರಿಯು ಇಂದು ನಾಗಪುರದಲ್ಲಿದೆ.

ಸೌರಫಲಕದ ವಿಶೇಷ ತೊಡಕೆಂದರೆ, ಬಿಸಿಲಿರುವವರೆಗೆ ಅದನ್ನು ನಂದಿಸುವ ಸ್ವಿಚ್ಚೇ ಇಲ್ಲ. ಕೆಳಗಿನ ಸ್ವಿಚ್ಚನ್ನು ಆರಿಸಿದರೂ ಮೇಲಿನ ತಂತಿಯು ಜೀವಂತವಾಗಿಯೇ ಇರುತ್ತದೆ. ಅದೂ ಏಕಮುಖ ಪ್ರವಾಹ. ಮನೆಯ ವಿದ್ಯುತ್ತಿನಂತೆ ಕ್ಷಣಕ್ಕೆ ನೂರು ಬಾರಿ ಸೊನ್ನೆಗಿಳಿಯದಾದುದರಿಂದ, ಸಡಿಲವಾದ ಜೋಡಣೆಯಲ್ಲಿ ಹುಟ್ಟಿದ ಕಿಡಿಯು ತಾನಾಗಿ ಆರದೆ ಉರಿಯುತ್ತಲೇ ಇರಬಲ್ಲುದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು, ನೆಲದ ಗುಂಡಿಗಳಲ್ಲಿ ಇಳಿದು ನಿಲ್ಲುವುದು. ಆದುದರಿಂದ ಬಂಕಿನ ಮಾಡಿನ ಮೇಲೆ ಫಲಕವಿದ್ದರೇನು ಎಂದು ಕೆಲವರು ಕೇಳಬಹುದು. ವಾದವು ಅರ್ಧ ನಿಜ. ಟ್ಯಾಂಕಿನ ಉಸಿರುಕೊಳವೆಯ ಬಾಯಿ ನಾಲ್ಕು ಮೀಟರಿಗೆ ಕಡಿಮೆಯಿಲ್ಲದ ಎತ್ತರದಲ್ಲಿ, ಅಂದರೆ ಮಾಡಿನ ಸರಿಸಮಕ್ಕೇ ಬಂದು ನಿಲ್ಲಬಹುದು. ಲಾರಿಯಿಂದ ಟ್ಯಾಂಕಿಗೆ ಎಣ್ಣೆಯಿಳಿಸುವಾಗ ಒಳಗಿನ ಆವಿಯು ಅಲ್ಲಿಂದಲೇ ಹೊರಬೀಳುವುದು.

ಬ್ಯಾಟರಿಗಳ ಕೋಣೆಯದು ಬೇರೊಂದು ಕಥೆ. ಸೀಸದ ಬ್ಯಾಟರಿಯು ತುಂಬುವಾಗ ಜಲಜನಕವನ್ನು ಬಿಡುವುದು. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಸಾಕು, ಹೊತ್ತಿಕೊಳ್ಳುವುದು. ಜಲಜನಕವು ಹಗುರವಾದುದರಿಂದ ಕಿಂಡಿಯನ್ನು ಗೋಡೆಯ ಬುಡದಲ್ಲಲ್ಲ, ತಾರಸಿಗೆ ತಗುಲಿಯೇ ಇಡಬೇಕು.

ಸಾಮಾನ್ಯ ಫಲಕವನ್ನು ಅಪಾಯದ ಗೆರೆಯ ಆಚೆಗಿಟ್ಟು ತಂತಿಯನ್ನು ಮಾತ್ರ ನಿಯಮದಂತೆ ಒಳಗೆ ತರುವುದು ಬಹು ಕಡೆ ಸುಲಭಸಾಧ್ಯ, ಖರ್ಚೂ ಕಡಿಮೆ. ಕಷ್ಟವಿರುವುದು ಗೆರೆ ಎಲ್ಲಿದೆಯೆಂದು ತಿಳಿಯುವುದರಲ್ಲಿ. ಲೈಸೆನ್ಸಿನ ಕಾಲದಲ್ಲಿ ಬರೆದ ನಕ್ಷೆಯು ಕಪಾಟಿನಲ್ಲಿರುತ್ತದೆ; ಫಲಕವು ಅನಂತರ ಬಂದಿರುತ್ತದೆ. ಸಹಾಯಧನದ ಕಾಗದಕ್ಕೆ ರುಜು ಹಾಕುವ ಅಧಿಕಾರಿಗಳು ಫಲಕದ ಬೆಲೆಪಟ್ಟಿಯೊಡನೆ, ಫಲಕ, ಉಸಿರುಕೊಳವೆ, ಬ್ಯಾಟರಿಕೋಣೆಗಳನ್ನು ಗುರುತಿಸಿದ ಹೊಸ ನಕ್ಷೆಯೊಂದನ್ನೂ ತರಿಸಿ ನೋಡಲಿ.