ಜಾವಾ ಯೋಜನೆಗಳಲ್ಲಿ ದ್ವಿತೀಯ ಆಕರ ಕೋಶಗಳ ಘಟಕ ಪರೀಕ್ಷೆ

ಜಾವಾ ಭಾಷೆಯ ತಂತ್ರಾಂಶ ಯೋಜನೆಯಲ್ಲಿ ಪ್ರೋಗ್ರಾಂ ಕಡತಗಳನ್ನು ಇರಿಸುವ ಕೋಶಕ್ಕೆ ಸೋರ್ಸ್ ಫೋಲ್ಡರ್ ಅಥವಾ ಆಕರ ಕೋಶ ಎಂದು ಹೆಸರು. ಮುಖ್ಯ ಕೋಶದ ಜೊತೆಗೆ ಬೇರೊಂದು ಉದ್ದೇಶಕ್ಕಾಗಿ ತೆರೆಯುವ ಕೋಶವನ್ನು ದ್ವಿತೀಯ ಆಕರ ಕೋಶ ಎನ್ನಲಾಗುತ್ತದೆ. ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗವನ್ನೂ ಪ್ರತ್ಯೇಕವಾಗಿ ತಾಳೆ ನೋಡುವ ಕ್ರಮವೇ ಘಟಕ ಪರೀಕ್ಷೆ. ದ್ವಿತೀಯ ಕೋಶದ ಪರೀಕ್ಷೆಗಳನ್ನು ನಿರ್ಮಾಣ ಉಪಕರಣಕ್ಕೆ ಸ್ಪಷ್ಟವಾಗಿ ತಿಳಿಸದಿದ್ದರೆ ಅವು ನಡೆಯದೆಯೇ ಉಳಿದು, ಯೋಜನೆ ಯಶಸ್ವಿಯಾದಂತೆ ತೋರುವ ಸಂಭವವಿದೆ.

ವಾಡಿಕೆಯ ವಿನ್ಯಾಸ

ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ರೂಪಿಸಿದ ಜೆಯುನಿಟ್ ಜಾವಾ ಘಟಕ ಪರೀಕ್ಷೆಯ ಪ್ರಸಿದ್ಧ ಸಾಧನವಾಗಿದೆ. ಮಾವೆನ್ ಎಂಬ ನಿರ್ಮಾಣ ಉಪಕರಣದ ವಾಡಿಕೆಯಂತೆ ಮುಖ್ಯ ಸಂಕೇತವು ‘ಎಸ್‌ಆರ್‌ಸಿ/ಮೇನ್/ಜಾವಾ’ ಕೋಶದಲ್ಲಿಯೂ ಪರೀಕ್ಷೆಗಳು ‘ಎಸ್‌ಆರ್‌ಸಿ/ಟೆಸ್ಟ್/ಜಾವಾ’ ಕೋಶದಲ್ಲಿಯೂ ಇರುತ್ತವೆ. ಗ್ರೇಡಲ್ ಕೂಡ ಇದೇ ವಿನ್ಯಾಸವನ್ನು ಅನುಸರಿಸುತ್ತದೆ. ಕೋಶಗಳು ಬೇರೆಯಾದರೂ ಪ್ಯಾಕೇಜಿನ ಹೆಸರು ಒಂದೇ ಆಗಿದ್ದರೆ, ಆ ಪ್ಯಾಕೇಜಿಗೆ ಮಾತ್ರ ಮೀಸಲಾದ ಮೆಥಡ್‌ಗಳನ್ನೂ ಪರೀಕ್ಷೆಯಿಂದ ಕರೆಯಬಹುದು. ಬಳಕೆದಾರರಿಗೆ ತಲುಪುವ ಕಡತದಲ್ಲಿ ಪರೀಕ್ಷೆಗಳು ಸೇರದಿರುವುದು ಈ ವಿಂಗಡಣೆಯ ಇನ್ನೊಂದು ಪ್ರಯೋಜನ.

ಉದಾಹರಣೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ವ್ಯಾಪಾರದಲ್ಲಿ ಅರೇಬಿಕಾ ಮತ್ತು ರೋಬಸ್ಟಾಗಳ ಪಾರ್ಚ್‌ಮೆಂಟ್ ಹಾಗೂ ಚೆರಿಗೆ 50 ಕಿಲೋಗ್ರಾಂ ಮೂಟೆಯ ಲೆಕ್ಕದಲ್ಲಿ ಬೆಲೆ ಹೇಳುವುದು ರೂಢಿ. ಈ ಲೆಕ್ಕಕ್ಕೆಂದು ಒಂದು ಪ್ರೋಗ್ರಾಂ ಇದ್ದು, ತೂಕವನ್ನು ಮೂಟೆಗೆ ಪರಿವರ್ತಿಸುವ ಭಾಗವು ‘ತೂಕ’ ಎಂಬ ದ್ವಿತೀಯ ಕೋಶದಲ್ಲಿದೆ ಎಂದು ಭಾವಿಸೋಣ. 1,275 ಕಿಲೋಗ್ರಾಂ ಎಂದರೆ 25.5 ಮೂಟೆ. ಆದರೆ ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ದಶಮಾಂಶ ಭಾಗವು ಬಿಟ್ಟುಹೋಗುವುದರಿಂದ ಉತ್ತರ 25 ಎಂದು ಬರುತ್ತದೆ. ಬೆಳೆಗಾರನಿಗೆ 25 ಕಿಲೋಗ್ರಾಂ ಕಾಫಿಯ ಬೆಲೆ ನಷ್ಟವಾಗುತ್ತದೆ. 25.5 ಎಂಬ ಉತ್ತರವನ್ನು ನಿರೀಕ್ಷಿಸುವ ಒಂದು ಪರೀಕ್ಷೆ ಈ ದೋಷವನ್ನು ಹಿಡಿಯಬಲ್ಲದು. ಆದರೆ ಅದು ನಡೆದರೆ ಮಾತ್ರ.

ಉಪಕರಣಗಳಲ್ಲಿ ನಮೂದಿಸುವ ಕ್ರಮ

ಮಾವೆನ್ 3ರಲ್ಲಿ ಮುಖ್ಯ ಸಂಕೇತಕ್ಕೆ ಒಂದು, ಪರೀಕ್ಷೆಗೆ ಒಂದು ಕೋಶವನ್ನು ಮಾತ್ರ ನೇರವಾಗಿ ಸೂಚಿಸಬಹುದು. ಹೆಚ್ಚಿನ ಕೋಶಗಳನ್ನು ‘ಬಿಲ್ಡ್ ಹೆಲ್ಪರ್’ ಎಂಬ ಪ್ಲಗಿನ್ ಮೂಲಕ ಸೇರಿಸಬೇಕು. ಪರೀಕ್ಷೆಗಳನ್ನು ನಡೆಸುವ ಶ್ಯೂರ್‌ಫೈರ್ ಪ್ಲಗಿನ್ ತರಗತಿಯ ಹೆಸರು ‘ಟೆಸ್ಟ್’ ಎಂದು ಆರಂಭವಾಗುವುದನ್ನೋ ಮುಗಿಯುವುದನ್ನೋ ಗಮನಿಸುವುದರಿಂದ, ಹೆಸರಿಡುವಾಗಲೂ ಎಚ್ಚರ ಅಗತ್ಯ.

ಗ್ರೇಡಲ್‌ನಲ್ಲಿ ಪ್ರತಿ ಗುಂಪಿಗೂ ‘ಸೋರ್ಸ್ ಸೆಟ್’ ಎಂಬ ಘಟಕವಿದೆ. ‘ತೂಕ’ ಸೆಟ್ಟಿನ ಸಂಕಲಿತ ಫಲವನ್ನು ಪರೀಕ್ಷೆಯ ಅವಲಂಬನೆಯಾಗಿ ಘೋಷಿಸಿದರೆ, ಅದರ ಪರೀಕ್ಷೆಗಳನ್ನು ವಾಡಿಕೆಯ ಪರೀಕ್ಷಾ ಕೋಶದಲ್ಲೇ ಬರೆಯಬಹುದು. ಪರೀಕ್ಷೆಗೂ ಪ್ರತ್ಯೇಕ ಸೆಟ್ ಬೇಕಾದಲ್ಲಿ ಅದನ್ನು ನಡೆಸುವ ಹೊಸ ಟಾಸ್ಕ್ ರಚಿಸಿ, ‘ಚೆಕ್’ ಟಾಸ್ಕ್ ಅದನ್ನು ಅವಲಂಬಿಸುವಂತೆ ಮಾಡಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ‘ಚೆಕ್’ ಆ ಪರೀಕ್ಷೆಗಳನ್ನು ನಡೆಸದೆಯೇ ಯಶಸ್ವಿಯಾಗುತ್ತದೆ.

ಎಕ್ಲಿಪ್ಸ್ ಸಂಪಾದಕದಲ್ಲಿ 2018ರ ಫೋಟಾನ್ ಆವೃತ್ತಿಯಿಂದ, ಒಂದು ಕೋಶವು ಪರೀಕ್ಷೆಗಳದ್ದು ಎಂದು ಗುರುತಿಸುವ ಅವಕಾಶವಿದೆ. ಸಂಪಾದಕದಲ್ಲಿ ಮಾತ್ರ ಸೇರಿಸಿದ ಕೋಶವು ಮಾವೆನ್ ಅಥವಾ ಗ್ರೇಡಲ್‌ಗೆ ತಿಳಿಯುವುದಿಲ್ಲ.

ಖಚಿತಪಡಿಸಿಕೊಳ್ಳುವ ವಿಧಾನ

ಯಶಸ್ಸಿನ ಸಂದೇಶವನ್ನಷ್ಟೇ ನಂಬದೆ, ನಡೆದ ಪರೀಕ್ಷೆಗಳ ಸಂಖ್ಯೆಯನ್ನು ವರದಿಯಲ್ಲಿ ನೋಡಬೇಕು. ಇನ್ನೊಂದು ಸರಳ ಉಪಾಯವೆಂದರೆ, ದ್ವಿತೀಯ ಕೋಶದ ಒಂದು ಪರೀಕ್ಷೆಯಲ್ಲಿ ನಿರೀಕ್ಷಿತ ಉತ್ತರವನ್ನು ತಾತ್ಕಾಲಿಕವಾಗಿ ತಪ್ಪಾಗಿ ಬರೆದು ನಿರ್ಮಾಣವನ್ನು ನಡೆಸುವುದು. ಆಗಲೂ ಯಶಸ್ಸಿನ ಸಂದೇಶವೇ ಬಂದರೆ ಆ ಪರೀಕ್ಷೆ ನಡೆಯುತ್ತಿಲ್ಲವೆಂದು ತಿಳಿಯಬೇಕು. ಎರಡು ಕೋಶಗಳ ಅವಲಂಬನೆಗಳು ತೀರ ಭಿನ್ನವಾಗಿದ್ದಲ್ಲಿ ದ್ವಿತೀಯ ಕೋಶವನ್ನು ಸ್ವತಂತ್ರ ಮಾಡ್ಯೂಲ್ ಆಗಿ ಬೇರ್ಪಡಿಸುವುದು ಉತ್ತಮ. ಆಗ ಅದರ ಪರೀಕ್ಷೆಗಳಿಗೆ ವಾಡಿಕೆಯ ಕೋಶವೇ ದೊರೆಯುತ್ತದೆ.